ಮೌನಮ್ಮ ಕೊಟ್ಟ ಅಂಕಗಳು

ಫೆಬ್ರವರಿ 3, ಸೋಮವಾರ

ಐವತ್ತಕ್ಕೆ ನಲವತ್ತೆಂಟು. ನರ್ಸಿಂಗ್ ಶಾಲೆಯ ಆಂತರಿಕ ಪ್ರಾಯೋಗಿಕ ಪರೀಕ್ಷೆಯಲ್ಲಿ ಇಡೀ ತರಗತಿಗೆ ನಾನೇ ಮೊದಲು. ಉಳಿದ ಎರಡು ಅಂಕ ಎಲ್ಲಿ ಹೋದವು ಎಂದು ಮೇಡಂ ಅವರನ್ನು ಕೇಳಿಯೇ ಬಿಟ್ಟೆ. ‘ಪೂರ್ತಿ ಕೊಟ್ರೆ ನಿನ್ನ ಕಾಲು ನೆಲದ ಮೇಲೆ ನಿಲ್ಲಲ್ಲ, ಅದಕ್ಕೆ ಇಟ್ಕೊಂಡೆ’ ಎಂದರು.

ಆಂತರಿಕ ಅಂಕ ನೋಡಿದರೆ ಸಾಕು, ಅಂತಿಮ ಪರೀಕ್ಷೆಯಲ್ಲಿ ಯಾರು ಎಷ್ಟು ತೆಗೆಯುತ್ತಾರೆಂದು ಈಗಲೇ ಹೇಳಬಲ್ಲೆ ಎನ್ನುವುದು ಮೇಡಂ ಅವರ ಹೆಮ್ಮೆ. ಪ್ರತಿ ವರ್ಷ ಎರಡೂ ಪಟ್ಟಿಗಳನ್ನು ಸೂಚನಾ ಫಲಕದ ಮೇಲೆ ಅಕ್ಕಪಕ್ಕ ಅಂಟಿಸುತ್ತಾರೆ. ಹೋದ ವರ್ಷ ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವೇ ಇರಲಿಲ್ಲವಂತೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಅವತ್ತು ಹೊಟ್ಟೆ ಸರಿಯಿರಲಿಲ್ಲ ಎಂದು ಮೇಡಂ ಕಾರಣ ಕೊಟ್ಟರಂತೆ. ಈ ಸಲ ನನ್ನನ್ನು ತೋರಿಸಿ, ‘ಇವಳು ನನ್ನ ಮಾನ ಉಳಿಸ್ತಾಳೆ’ ಎಂದು ಎಲ್ಲರೆದುರು ಹೇಳಿದರು. ನಾನು ತಲೆ ತಗ್ಗಿಸಿ ನಿಂತೆ. ವಿನಯ ಚೆನ್ನಾಗಿಯೇ ಬಂತು ಎಂದುಕೊಂಡಿದ್ದೇನೆ.

ಫೆಬ್ರವರಿ 6, ಗುರುವಾರ

ಮನೆಯಲ್ಲೂ ನನ್ನ ಅಂಕದ್ದೇ ಮಾತು. ಅಣ್ಣನ ಗಡಿಯಾರ ರಿಪೇರಿ ಅಂಗಡಿಗೆ ಬಂದವರು ಗಡಿಯಾರಕ್ಕೆ ಏನಾಗಿದೆಯೆಂದು ಹೇಳುವ ಮೊದಲೇ ಅವನು ತಂಗಿಯ ಅಂಕ ಹೇಳುತ್ತಾನಂತೆ. ಅತ್ತಿಗೆ ಮಾತ್ರ ಅಂಕ ಕೇಳಿ ಸುಮ್ಮನೆ ಕ್ಯಾಲೆಂಡರ್ ಕಡೆ ನೋಡಿದರು.

ವಿಷಯ ಇಷ್ಟೇ. ಅಂಗಡಿಯ ಸಂಪಾದನೆಯಲ್ಲಿ ಮನೆಯಿಂದ ಒಬ್ಬರು ಮಾತ್ರ ಓದಬಹುದು. ಲ್ಯಾಬ್ ಟೆಕ್ನಿಷಿಯನ್ ಆಗಬೇಕು, ರಕ್ತ ಪರೀಕ್ಷೆ ಮಾಡಬೇಕು ಎಂದು ಅತ್ತಿಗೆಗೆ ಮದುವೆಗೆ ಮುಂಚಿನಿಂದಲೂ ಆಸೆ. ಮೊದಲು ನಾನು, ಆಮೇಲೆ ಅವರು ಎಂದು ಮಾತಾಗಿತ್ತು. ಅಂತಿಮ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದವರನ್ನು ನಮ್ಮ ಆಸ್ಪತ್ರೆಯೇ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ನಾನು ಕೆಲಸಕ್ಕೆ ಸೇರಿದ ಕೂಡಲೇ ಅತ್ತಿಗೆ ಕೋರ್ಸಿಗೆ ಸೇರಬೇಕು. ಅದಕ್ಕೆ ವಯಸ್ಸಿನ ಮಿತಿ ಬೇರೆ ಇದೆ, ಅತ್ತಿಗೆಗೆ ಇದೇ ಕೊನೆಯ ವರ್ಷ. ‘ಚಿಂತೆ ಬಿಡಿ ಅತ್ತಿಗೆ, ಶಾಲೆಗೆ ಒಯ್ಯೋ ಚೀಲ ಈಗಲೇ ಹೊಲಿದಿಟ್ಕೊಳ್ಳಿ’ ಎಂದೆ. ನಕ್ಕರು. ನಗು ಪೂರ್ತಿ ಬಾಯಿಗೆ ಬರಲಿಲ್ಲ.

ಅಜ್ಜಿಯ ಕಾಲಿನ ಹುಣ್ಣು ಇನ್ನೂ ವಾಸಿಯಾಗಿಲ್ಲ. ‘ನರ್ಸಮ್ಮ, ಒಂದ್ಸಲ ನನ್ನ ಕಾಲು ನೋಡೇ’ ಎಂದು ಮಂಚದಿಂದ ಕರೆದರು. ಓದುವುದಿದೆ ಎಂದೆ. ಅದು ಅತ್ತಿಗೆ ಮಾಡುವ ಕೆಲಸ, ಅವರಿಗೆ ರೂಢಿಯೂ ಆಗಿದೆ. ಅಲ್ಲದೆ ಅಜ್ಜಿ ತುಂಬ ಅಲ್ಲಾಡುತ್ತಾರೆ. ಅವರು ನಮ್ಮ ಶಾಲೆಯ ಮೌನಮ್ಮನನ್ನು ನೋಡಿ ಕಲಿಯಬೇಕು.

ಫೆಬ್ರವರಿ 14, ಶುಕ್ರವಾರ

ನನಗೆ ನಲವತ್ತೆಂಟು ಅಂಕ ಕೊಡಿಸಿದವಳ ಬಗ್ಗೆ ಇಲ್ಲಿ ಒಂದು ಸಾಲೂ ಬರೆಯದಿದ್ದರೆ ಅನ್ಯಾಯ. ಮೌನಮ್ಮ ಅಂದರೆ ಮೂರನೇ ಮಹಡಿಯ ಅಭ್ಯಾಸದ ಕೋಣೆಯಲ್ಲಿ ಮಲಗಿರುವ ರಬ್ಬರ್ ಬೊಂಬೆ. ಚುಚ್ಚಿದರೆ ನೋವಿಲ್ಲ, ತಪ್ಪು ಮಾಡಿದರೆ ದೂರಿಲ್ಲ. ಕಣ್ಣು ಸದಾ ಚಾವಣಿಯ ಮೇಲೆ. ಇಂಥ ಅತ್ತೆ ಸಿಕ್ಕರೆ ನಾಳೆಯೇ ಮದುವೆಗೆ ಸಿದ್ಧ ಎಂದು ತರಗತಿಯಲ್ಲಿ ಎಲ್ಲರೂ ಹೇಳುತ್ತೇವೆ.

ಆ ಕೋಣೆಯ ನಲ್ಲಿಗೆ ನೀರು ಹತ್ತುವುದಿಲ್ಲ. ನಾವು ಸೇರುವುದಕ್ಕಿಂತ ಮುಂಚಿನಿಂದಲೂ ಹಾಗೆಯೇ ಇದೆಯಂತೆ. ಆದ್ದರಿಂದ ಅಲ್ಲೊಂದು ಪದ್ಧತಿ ಬೆಳೆದುಬಂದಿದೆ. ಕೈ ತೊಳೆಯುವ ಹಂತ ಬಂದಾಗ ‘ಕೈ ತೊಳೆದೆ’ ಎಂದು ಗಟ್ಟಿಯಾಗಿ ಹೇಳಬೇಕು. ಮೇಡಂ ಸರಿ ಗುರುತು ಹಾಕುತ್ತಾರೆ. ಹಾಗೆಯೇ ‘ರೋಗಿಗೆ ಧೈರ್ಯ ಹೇಳಿದೆ’, ‘ಪರದೆ ಎಳೆದೆ’, ‘ಕೊಳೆಯಾದ ಹತ್ತಿಯನ್ನು ಬುಟ್ಟಿಗೆ ಹಾಕಿದೆ’. ಹಂತಗಳನ್ನು ನನ್ನಷ್ಟು ಸರಾಗವಾಗಿ ಹೇಳುವವರು ಇಲ್ಲ. ಉಸಿರು ತೆಗೆದುಕೊಳ್ಳುವ ಜಾಗವನ್ನೂ ಗೊತ್ತು ಮಾಡಿಕೊಂಡಿದ್ದೇನೆ.

ಪಕ್ಕದ ಬೆಂಚಿನ ಗೆಳತಿಯದು ಇದಕ್ಕೆ ಪೂರಾ ಉಲ್ಟಾ. ಅವಳಿಗೆ ಆಮೆ ಎಂದು ಹೆಸರಿಟ್ಟವಳು ನಾನೇ. ನಿಧಾನವಾಗಿ ತಿನ್ನುತ್ತಾಳೆ, ನಿಧಾನವಾಗಿ ನಗುತ್ತಾಳೆ, ಜೋಕು ಹೇಳಿದ್ದು ಬೆಳಿಗ್ಗೆಯಾದರೆ ನಗು ಮಧ್ಯಾಹ್ನ ಬರುತ್ತದೆ. ಕೈ ತೊಳೆಯುವ ಹಂತಕ್ಕೆ ಅವಳು ಮೆಟ್ಟಿಲಿಳಿದು ಅಂಗಳದ ನಲ್ಲಿಗೇ ಹೋಗುತ್ತಾಳೆ. ವಾಪಸ್ಸು ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಮೇಡಂ ಅಂಕ ಕತ್ತರಿಸುತ್ತಾರೆ. ಐವತ್ತಕ್ಕೆ ಮೂವತ್ತೊಂದು ಬಂದಿದೆ. ಬೊಂಬೆಗೆ ಯಾವ ಸೋಂಕು ತಗಲುತ್ತದೆ ಎಂದು ಇವತ್ತು ರೇಗಿಸಿದೆ.

ತುಂಬ ಹೊತ್ತು ಯೋಚಿಸಿ, ‘ಬೊಂಬೆಗಲ್ಲ ಕಣೇ. ನಾನು ಮಂದ ಬುದ್ಧಿಯವಳು. ಇಲ್ಲಿ ಒಂದು, ಅಲ್ಲಿ ಒಂದು ಅಂತ ಎರಡೆರಡು ಕಲಿಯೋಕೆ ನನಗಾಗಲ್ಲ’ ಎಂದಳು. ಪಾಪ ಎನಿಸಿತು.

ಫೆಬ್ರವರಿ 19, ಬುಧವಾರ

ಇವತ್ತಿನಿಂದ ವಾರ್ಡ್. ಮೌನಮ್ಮನ ಸಾಮ್ರಾಜ್ಯ ಮುಗಿಯಿತು. ಅಂತಿಮ ಪರೀಕ್ಷೆಯೂ ಇಲ್ಲೇ, ನಿಜವಾದ ರೋಗಿಗಳ ಮೇಲೆ. ಅದರಲ್ಲಿ ಐವತ್ತಕ್ಕೆ ಇಪ್ಪತ್ತೈದು ಬೇರೆಯಾಗಿಯೇ ಬರಬೇಕು, ಆಂತರಿಕ ಅಂಕ ಎಷ್ಟಿದ್ದರೂ ಕೈ ಹಿಡಿಯುವುದಿಲ್ಲ ಎಂದು ಮೇಡಂ ಎಚ್ಚರಿಸಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿಲ್ಲ ಎಂದು ಇಬ್ಬರಿಗೂ ಗೊತ್ತು.

ನನ್ನ ಪಾಲಿಗೆ ಬಂದದ್ದು ಮೂರನೇ ಹಾಸಿಗೆ, ಏಳನೇ ಹಾಸಿಗೆ. ಮೂರಕ್ಕೆ ಬ್ಯಾಂಡೇಜು ಬದಲಿಸಿದೆ. ಏಳಕ್ಕೆ ಸಕ್ಕರೆ ಕಾಯಿಲೆ, ಪಾದದಲ್ಲಿ ಗಾಯ, ಬಾಯಿ ಜಾಸ್ತಿ. ನಾಳೆ ನೋಡಬೇಕು.

ಫೆಬ್ರವರಿ 20, ಗುರುವಾರ

ಬರೆಯಲೋ ಬೇಡವೋ ಎಂದು ಕೂತಿದ್ದೆ. ಬರೆದೇ ಬಿಡುತ್ತೇನೆ, ಓದುವವರು ಯಾರೂ ಇಲ್ಲವಲ್ಲ.

ಟ್ರಾಲಿ ತಳ್ಳಿಕೊಂಡು ಏಳನೇ ಹಾಸಿಗೆಗೆ ಹೋದೆ. ವಾರ್ಡಿನ ಸಿಸ್ಟರ್ ಎರಡು ಹಾಸಿಗೆ ಆಚೆ ಇದ್ದರು. ಪರದೆ ಎಳೆದೆ, ಹಳೆಯ ಬ್ಯಾಂಡೇಜು ಬಿಚ್ಚಿದೆ. ಆಮೇಲೆ ‘ಕೈ ತೊಳೆದೆ’ ಎಂದು ಸ್ಪಷ್ಟವಾಗಿ, ಅಭ್ಯಾಸದ ಕೋಣೆಯಲ್ಲಿ ಹೇಳುವ ಅದೇ ದನಿಯಲ್ಲಿ ಹೇಳಿದೆ. ಹೇಳಿ, ಕೈಗವಸಿನ ಪೊಟ್ಟಣ ತೆರೆದೆ. ಏಳನೇ ಹಾಸಿಗೆ ಕಾಲನ್ನು ಹಿಂದಕ್ಕೆ ಎಳೆದುಕೊಂಡಿತು.

‘ಯಾವಾಗ ತೊಳೆದೆ?’ ಎಂದರು ಅಲ್ಲಿ ಮಲಗಿದ್ದ ತಾತ.

‘ಈಗ ತಾನೇ.’

‘ನೀನು ಬಂದಾಗಿಂದ ನೋಡ್ತಾ ಇದ್ದೀನಮ್ಮ. ನಿಂತ ಜಾಗ ಬಿಟ್ಟಿಲ್ಲ. ನಾನು ಬಸ್ ಕಂಡಕ್ಟರ್ ಆಗಿದ್ದವನು. ಬರೀ ಬಾಯಲ್ಲಿ ದುಡ್ಡು ಕೊಟ್ಟೆ ಅನ್ನೋರನ್ನ ದಿನಾ ನೋಡಿದ್ದೀನಿ. ಅವರಲ್ಲಿ ಅರ್ಧ ಜನ ಸುಳ್ಳು ಹೇಳ್ತಿರಲಿಲ್ಲ. ಕೊಟ್ಟಿದ್ದೀನಿ ಅಂತಾನೇ ನಂಬ್ಕೊಂಡಿರ್ತಿದ್ರು.’

ಕೈ ತೊಳೆಯುವ ಬೇಸಿನ್ ಬಾಗಿಲ ಪಕ್ಕದಲ್ಲೇ ಇತ್ತು. ನೀರೂ ಇತ್ತು, ಸೋಪೂ ಇತ್ತು. ಹೋಗಿ ತೊಳೆದು ಬಂದೆ. ಮುಖದ ಬಿಸಿ ಕಿವಿಯವರೆಗೆ ಹತ್ತಿತ್ತು. ಅವರು ಸಿಸ್ಟರಿಗೆ ಏನೂ ಹೇಳಲಿಲ್ಲ. ‘ಈಗ ಟಿಕೆಟ್ ಸರಿಯಾಯ್ತು’ ಎಂದು ಕಾಲು ಮುಂದೆ ಚಾಚಿದರು, ಅಷ್ಟೇ.

ನನಗೆ ನಾಚಿಕೆಯಾಗಿದೆ. ಅದಕ್ಕಿಂತ ಹೆಚ್ಚಾಗಿ ಭಯವಾಗಿದೆ. ನಾನು ಸುಳ್ಳು ಹೇಳಲಿಲ್ಲ, ತೊಳೆದಿದ್ದೇನೆ ಎಂದೇ ಅನಿಸಿತ್ತು. ನಿನ್ನೆ ಮೂರನೇ ಹಾಸಿಗೆಯವರಿಗೆ ಬ್ಯಾಂಡೇಜು ಬದಲಿಸುವಾಗ ತೊಳೆದಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಫೆಬ್ರವರಿ 21, ಶುಕ್ರವಾರ

ತಲೆನೋವು ಎಂದು ಮನೆಯಲ್ಲೇ ಉಳಿದೆ. ಅತ್ತಿಗೆ ಹಣೆ ಮುಟ್ಟಿ ನೋಡಿದರು. ಆಮೇಲೆ ತಮ್ಮ ಕೋರ್ಸಿನ ಅರ್ಜಿ ಫಾರಂ ಬಿಡುವ ದಿನ ವಿಚಾರಿಸಲು ಹೋಗಿ ಬಂದರು.

ಫೆಬ್ರವರಿ 25, ಮಂಗಳವಾರ

ಮೂರನೇ ಹಾಸಿಗೆಯವರು ಚೆನ್ನಾಗಿಯೇ ಇದ್ದಾರೆ, ಜ್ವರ ಇಲ್ಲ. ವಾರ್ಡಿಗೆ ಕಾಲಿಟ್ಟವಳು ಮೊದಲು ನೋಡಿದ್ದು ಅವರ ಚಾರ್ಟನ್ನೇ. ಅವರೊಬ್ಬ ದರ್ಜಿ, ಸೂಜಿ ಹೊಕ್ಕು ಬೆರಳು ಕೀವಾಗಿ ಬಂದವರು. ನಾನು ಮತ್ತೆ ಮತ್ತೆ ಹೇಗಿದ್ದೀರಿ ಎಂದು ಕೇಳಿದ್ದಕ್ಕೆ ಹೆದರಿ, ತನಗೇನೋ ದೊಡ್ಡ ಕಾಯಿಲೆಯಿರಬೇಕೆಂದು ಹೆಂಡತಿಗೆ ಹೇಳಿಕಳಿಸಿದರಂತೆ. ಸಿಸ್ಟರ್ ಹತ್ತಿರ ಬೈಸಿಕೊಂಡೆ.

ದಿನವಿಡೀ ತೊಳೆದು ತೊಳೆದು ಕೈ ಒಡೆದಿದೆ. ಕಂಡಕ್ಟರ್ ತಾತ ನನ್ನ ಕೈ ನೋಡಿ, ‘ಅಷ್ಟೊಂದು ಬೇಡಮ್ಮ, ನಾನು ಒಂದು ಸ್ಟಾಪಿಗೆ ಒಂದೇ ಸಲ ಚೆಕ್ ಮಾಡೋದು’ ಎಂದರು.

ಮಾರ್ಚ್ 5, ಬುಧವಾರ

ಅಂತಿಮ ಪರೀಕ್ಷೆಗೆ ಮುಂಚಿನ ಕೊನೆಯ ಅಭ್ಯಾಸ. ಮತ್ತೆ ಮೌನಮ್ಮನ ಮುಂದೆ ನಿಲ್ಲಿಸಿದರು. ಆಮೆಯ ಹಾಗೆ ಕೆಳಗಿಳಿದು ನಿಜವಾಗಿ ತೊಳೆದು ಬರಬೇಕು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಆ ಹಂತ ಬರುತ್ತಿದ್ದಂತೆ ಬಾಯಿ ತಾನಾಗಿಯೇ ‘ಕೈ ತೊಳೆದೆ’ ಎಂದಿತು, ಕೈ ಕೈಗವಸಿಗೆ ಹೋಯಿತು. ಮೇಡಂ ಸರಿ ಗುರುತು ಹಾಕಿ ಭೇಷ್ ಎಂದರು. ಎಲ್ಲ ಮುಗಿದು ಹೊರಗೆ ಬಂದಾಗಲೇ ನನಗೆ ಅರಿವಾಗಿದ್ದು.

ಪರೀಕ್ಷೆಯ ದಿನವೂ ಹೀಗೆಯೇ ಆದರೆ ಆಯಿತು ನನ್ನ ಕಥೆ. ನನ್ನದೊಂದೇ ಆಗಿದ್ದರೆ ಆರು ತಿಂಗಳು ಬಿಟ್ಟು ಮತ್ತೆ ಕೂರಬಹುದಿತ್ತು. ಅತ್ತಿಗೆಗೆ ಆರು ತಿಂಗಳಿಲ್ಲ.

ಮೆಟ್ಟಿಲ ಮೇಲೆ ಕೂತು ಆಮೆಗೆ ಎಲ್ಲ ಹೇಳಿದೆ, ಕಂಡಕ್ಟರ್ ತಾತನ ವಿಷಯವನ್ನೂ ಬಿಡಲಿಲ್ಲ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಬ್ರೆಡ್ಡಿನ ಕೊನೆಯ ತುಂಡು ಅಗಿದು ನುಂಗಿದ ಮೇಲೆ ಬಾಯಿ ಬಿಟ್ಟಳು.

‘ನಿನ್ನ ಬಾಯಿ ಸುಮ್ನಿರೋ ಬಾಯಲ್ಲ. ಅದಕ್ಕೆ ಬೇರೆ ಕೆಲಸ ಕೊಡು. ಹಂತ ಹೇಳೋದು ಬಿಟ್ಟು ರೋಗಿ ಹತ್ರ ಮಾತಾಡ್ಸು.’

‘ಹಂತ ಹೇಳ್ದಿದ್ರೆ ಅಂಕ ಹೋಗುತ್ತಲ್ಲೇ.’

‘ಹೋಗುತ್ತೆ’ ಎಂದಳು. ಅದನ್ನೂ ನಿಧಾನವಾಗಿಯೇ ಹೇಳಿದಳು.

ಮಾರ್ಚ್ 12, ಬುಧವಾರ

ಬಾಯಿಗೆ ಬೇರೆ ಕೆಲಸ ಕೊಡುವ ಅಭ್ಯಾಸ ಮನೆಯಲ್ಲೇ ನಡೆದಿದೆ. ಅಜ್ಜಿಯ ಕಾಲು ಈಗ ನನ್ನ ಪಾಲಿಗೆ ಬಂದಿದೆ. ನನ್ನ ಮಾತಿಗೆ ಅಜ್ಜಿಯ ಎದುರುಮಾತು, ಇಬ್ಬರ ನಡುವೆ ಕಾಲು. ಹುಡುಗಿಯಾಗಿದ್ದಾಗ ಸೈಕಲ್ ಕಲಿಯಲು ಹೋಗಿ ಬಾವಿಕಟ್ಟೆಗೆ ಗುದ್ದಿದ ಕಥೆಯನ್ನು ಅಜ್ಜಿ ನಾಲ್ಕು ದಿನದಿಂದ ಕಂತು ಕಂತಾಗಿ ಹೇಳುತ್ತಿದ್ದಾರೆ. ಗುದ್ದಿದ ಮೇಲೆ ಏನಾಯಿತು ಎನ್ನುವುದು ನಾಳೆಗೆ. ಹಿಮ್ಮಡಿಯ ಹತ್ತಿರ ಮುಟ್ಟಿದರೆ ಮಾತ್ರ ಅವರು ಅಲ್ಲಾಡುತ್ತಾರೆ ಎಂದು ಗೊತ್ತಾಯಿತು, ಅಲ್ಲಿ ಬ್ಯಾಂಡೇಜು ಸಡಿಲ ಬಿಟ್ಟರೆ ಸಾಕು.

ಕಂಡಕ್ಟರ್ ತಾತನನ್ನು ಇವತ್ತು ಮನೆಗೆ ಕಳಿಸಿದರು. ಬಾಗಿಲಲ್ಲಿ ನಿಂತು ಇಡೀ ವಾರ್ಡಿಗೆ ಕೇಳುವಂತೆ ‘ರೈಟ್’ ಎಂದರು. ಎಲ್ಲರೂ ನಕ್ಕರು. ಏಳನೇ ಹಾಸಿಗೆ ಸಂಜೆಯವರೆಗೆ ಖಾಲಿ ಇತ್ತು, ನನಗೆ ಒಂಥರಾ ಆಯಿತು.

ಮಾರ್ಚ್ 17, ಸೋಮವಾರ

ನಾಳೆ ಪರೀಕ್ಷೆ. ಅತ್ತಿಗೆ ಅರ್ಜಿ ತುಂಬಿಸಿ ಅಲಮಾರಿಯ ಮೇಲೆ ಇಟ್ಟಿದ್ದಾರೆ, ಫಲಿತಾಂಶ ಬಂದ ಮೇಲೆ ಕೊಡಲು. ನನಗೆ ಭಾರವಾಗಬಾರದೆಂದು ಅದರ ಮೇಲೆ ದಿನಪತ್ರಿಕೆ ಮುಚ್ಚಿದ್ದಾರೆ. ಅಂಚು ಕಾಣುತ್ತಿದೆ.

ಮಾರ್ಚ್ 18, ಮಂಗಳವಾರ

ಹೋಯಿತು. ನಾನು ಫೇಲು.

ಮೊದಲಿನಿಂದ ಬರೆಯುತ್ತೇನೆ. ಇವತ್ತೇ ಆಸ್ಪತ್ರೆಯ ಪಂಪು ಕೆಟ್ಟಿತ್ತು. ವಾರ್ಡಿನ ಬೇಸಿನ್ ಒಣಗಿತ್ತು, ಗೋಡೆಗೆ ಹಾಕಿದ್ದ ಕೈಶುದ್ಧಿಯ ಬಾಟಲಿ ಒತ್ತಿದರೆ ಗಾಳಿ ಬರುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ದಪ್ಪ ಕನ್ನಡಕದವರು, ಕೈಯಲ್ಲಿ ಗಂಟೆ ಹಿಡಿದು ಕೂತಿದ್ದರು. ನನಗಿಂತ ಮುಂಚಿನವರೆಲ್ಲ ‘ಕೈ ತೊಳೆದೆ’ ಎಂದು ಹೇಳಿ ಮುಂದುವರಿದರು. ಅವರು ತಲೆಯಾಡಿಸಿ ಬರೆದುಕೊಂಡರು.

ನನಗೆ ಬಂದದ್ದು ಬಟ್ಟೆ ಇಸ್ತ್ರಿ ಮಾಡುವ ಹೆಂಗಸು, ಮೊಣಕೈವರೆಗೆ ಸುಟ್ಟಗಾಯ. ನನ್ನನ್ನು ನೋಡಿದ ಕೂಡಲೇ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಬಾಯಿಗೆ ಕೆಲಸ ಕೊಟ್ಟೆ. ಇಸ್ತ್ರಿಯಲ್ಲಿ ಯಾವ ಬಟ್ಟೆ ಕಷ್ಟ ಎಂದು ಕೇಳಿದೆ. ಹುಡುಗಿಯರ ನೆರಿಗೆಯ ಲಂಗ ಎಂದರು. ಶಾಲೆಗೆ ಹೋಗುವಾಗ ನಾನು ನೆರಿಗೆ ನಿಲ್ಲಲೆಂದು ಲಂಗವನ್ನು ಹಾಸಿಗೆಯ ಕೆಳಗೆ ಇಟ್ಟು ಮಲಗುತ್ತಿದ್ದೆ ಎಂದೆ. ‘ನಿಮ್ಮಂಥೋರಿಂದಲೇ ನಮ್ಮ ವ್ಯಾಪಾರ ಹಾಳಾಗಿದ್ದು’ ಎಂದು ಕೈಯನ್ನು ನನ್ನ ಕಡೆ ಚಾಚಿದರು.

ಕೈ ತೊಳೆಯುವ ಹಂತ ಬಂತು. ಬಾಯಿ ಆಗಲೇ ಮಾತಿನಲ್ಲಿ ತೊಡಗಿತ್ತು, ಬೇರೇನೂ ಹೇಳಲಿಲ್ಲ. ಒಂದು ನಿಮಿಷ ಬಂದೆ ಅಕ್ಕ ಎಂದು ಅವರಿಗೆ ಹೇಳಿ, ಪಂಪಿಲ್ಲದೆಯೂ ನೀರು ಬರುವ ಅಂಗಳದ ನಲ್ಲಿಗೆ ಓಡಿದೆ. ತೊಳೆದ ಕೈ ಮೇಲೆತ್ತಿಕೊಂಡು, ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಬಂದೆ.

‘ಎಲ್ಲಿಗೆ ಹೋಗಿದ್ದೆ?’ ಎಂದರು ಕನ್ನಡಕದವರು. ಕೈ ತೊಳೆಯೋಕೆ ಎಂದೆ. ‘ಇಲ್ಲಿ ನೀರಿಲ್ಲ ಅಂತ ನಮಗೂ ಗೊತ್ತು. ಹೇಳಿದ್ರೆ ಸಾಕಿತ್ತು.’ ನಾನು ಕೈಗವಸು ಹಾಕಿಕೊಂಡೆ. ಗಾಯ ಶುಚಿ ಮಾಡಿ ಮುಲಾಮು ಹಚ್ಚುತ್ತಿರುವಾಗ ಗಂಟೆ ಬಾರಿಸಿದರು. ಬ್ಯಾಂಡೇಜು ಇನ್ನೂ ಸುತ್ತಿರಲಿಲ್ಲ.

‘ಗಂಟೆ ಆಯ್ತಮ್ಮ. ಇನ್ನು ಮಾಡಿದ್ದಕ್ಕೆ ಅಂಕ ಇಲ್ಲ.’

‘ಸರಿ ಸರ್’ ಎಂದು ಸುತ್ತತೊಡಗಿದೆ. ತೆರೆದ ಗಾಯ ಬಿಟ್ಟು ಹೇಗೆ ಹೋಗುವುದು? ಅವರು ಒಳಗೆ ಬರುತ್ತಿದ್ದ ಮುಂದಿನವಳನ್ನು ಬಾಗಿಲಲ್ಲೇ ನಿಲ್ಲಿಸಿದರು. ಮುಗಿಸಿ ಹೊರಟಾಗ ಇಸ್ತ್ರಿಯಕ್ಕ, ‘ನಾಳೆನೂ ನೀನೇ ಬರ್ತೀಯಾ?’ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮನೆಗೆ ಬಂದಾಗ ಅಲಮಾರಿಯ ಮೇಲೆ ಅತ್ತಿಗೆಯ ಅರ್ಜಿಯ ಅಂಚು ಹಾಗೆಯೇ ಕಾಣುತ್ತಿತ್ತು. ಅವರ ವರ್ಷವನ್ನು ನಾನು ಅಂಗಳದ ನಲ್ಲಿಯ ಕೆಳಗೆ ಹರಿಯಬಿಟ್ಟೆ ಎನಿಸಿ ಅಳು ಬಂತು. ಅಜ್ಜಿಯ ಕಾಲು ನೋಡಿ, ಊಟ ಮಾಡಿ, ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್ 10, ಗುರುವಾರ

ಪಾಸು.

ಅತ್ತಿಗೆಗೆ ಹೇಳಿದೆ. ಅಂಕ ಎಷ್ಟೆಂದು ಕೇಳಲೇ ಇಲ್ಲ. ‘ಪಾಸಾ? ನಿಜವಾಗ್ಲೂ ಪಾಸಾ?’ ಎಂದು ಎರಡು ಸಲ ಕೇಳಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು, ನೀಲಿ ಬಣ್ಣದ್ದು, ಒಳಗೆ ಪೆನ್ನಿಗೆ ಬೇರೆ ಜೇಬು. ಫೆಬ್ರವರಿಯಲ್ಲಿ ನಾನು ತಮಾಷೆಗೆ ಹೇಳಿದ ವಾರವೇ ಹೊಲಿದು ಬಚ್ಚಿಟ್ಟಿದ್ದರಂತೆ. ಅಣ್ಣ ಅಂಗಡಿಯಲ್ಲಿ ಈ ಸಲ ಬರೀ ‘ಪಾಸು’ ಎನ್ನುತ್ತಿದ್ದಾನೆ, ಅಂಕ ಕೇಳಿದವರಿಗೆ ಗಡಿಯಾರ ತೋರಿಸುತ್ತಾನಂತೆ.

ಏಪ್ರಿಲ್ 11, ಶುಕ್ರವಾರ

ನಿನ್ನೆ ಬರೆಯಲು ಮರೆತೆ, ನನಗೆ ಬಂದದ್ದು ಇಪ್ಪತ್ತೇಳು. ಮೇಡಂ ಎರಡೂ ಪಟ್ಟಿ ಅಂಟಿಸಿ, ಮುಂದೆ ನಿಂತು, ಕನ್ನಡಕ ಒರೆಸಿ ಮತ್ತೆ ನೋಡಿದರು. ಹಂತಗಳನ್ನು ಚೆನ್ನಾಗಿ ಹೇಳಿದ ಕೆಲವರಿಗೆ ನಲವತ್ತರ ಮೇಲೆ ಬಂದಿದೆ. ಕೆಲವರು ಹೇಳುತ್ತ ಹೇಳುತ್ತಲೇ ಮುಗ್ಗರಿಸಿ ಫೇಲಾಗಿದ್ದಾರೆ. ಎರಡೂ ಪಟ್ಟಿಯಲ್ಲಿ ಒಂದೇ ಅಂಕ ಇರುವುದು ಆಮೆಗೆ ಮಾತ್ರ, ಇಲ್ಲಿ ಮೂವತ್ತೊಂದು, ಅಲ್ಲಿಯೂ ಮೂವತ್ತೊಂದು. ಎರಡೂ ಕಡೆ ಅವಳು ಅದೇ ಕೆಲಸವನ್ನು ಅದೇ ನಿಧಾನದಲ್ಲಿ ಮಾಡಿದ್ದಳು.

‘ನಿನಗೇನಾಯ್ತು?’ ಎಂದು ಮೇಡಂ ನನ್ನನ್ನು ಕೇಳಿದರು. ಸಮಯ ಸಾಲಲಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ನಲ್ಲಿಯ ಕಥೆ ಹೇಳಿದೆ. ಅವರು ಪಟ್ಟಿಯ ಕಡೆಗೇ ನೋಡುತ್ತ, ‘ಹಾಗಾದ್ರೆ ಇಷ್ಟು ವರ್ಷ ನಾನು ಅಂಕ ಕೊಟ್ಟಿದ್ದು ಯಾವುದಕ್ಕೆ?’ ಎಂದರು. ನಲ್ಲಿ ರಿಪೇರಿಗೆ ಕಚೇರಿಗೆ ಬರೆದುಕೊಟ್ಟಿದ್ದಾರೆ.

ಜೂನ್ 9, ಸೋಮವಾರ

ಕೆಲಸಕ್ಕೆ ಸೇರಿದ ಮೇಲೆ ಇಲ್ಲಿ ಬರೆಯುವುದು ತಪ್ಪಿಹೋಗಿದೆ. ಇವತ್ತು ಬರೆಯಲೇಬೇಕು.

ಅತ್ತಿಗೆಯ ಮೊದಲ ಪ್ರಾಯೋಗಿಕ ತರಗತಿ ಇವತ್ತು. ನೀಲಿ ಚೀಲ ಹೆಗಲಿಗೆ ಹಾಕಿಕೊಂಡೇ ಅಡುಗೆಮನೆಗೆ ಬಂದರು, ಮುಖ ಅರಳಿತ್ತು. ಅವರ ತರಗತಿಗೂ ಮೂರನೇ ಮಹಡಿಯ ಅದೇ ಕೋಣೆ, ಅದೇ ಮೌನಮ್ಮ. ಅವಳ ತೋಳಿನಿಂದ ಕೆಂಪು ನೀರು ಎಳೆದು ಸೀಸೆಗೆ ತುಂಬಬೇಕು.

‘ಹತ್ತಕ್ಕೆ ಹತ್ತು ಬಂತು’ ಎಂದರು. ‘ಮೊದಲು ಹೆದರಿದ್ದೆ. ಅಲ್ಲಿ ನಲ್ಲೀಲಿ ನೀರೇ ಬರಲ್ವಲ್ಲ, ಕೈ ತೊಳೆದೆ ಅಂತ ಹೇಳಿದ್ರೆ ಸಾಕಂತೆ. ನಮ್ಮ ಸರ್ ಹೇಳ್ಕೊಟ್ರು. ನೋಡು, ಎಷ್ಟು ಸುಲಭ.’

ಮಂಚದ ಮೇಲಿಂದ ಅಜ್ಜಿ ನನ್ನನ್ನೇ ನೋಡಿದರು. ನಾನು ಅತ್ತಿಗೆಗೆ ಊಟಕ್ಕೆ ತಟ್ಟೆ ಇಟ್ಟೆ. ಎಷ್ಟೋ ವರ್ಷ ಕಾದು ತಂದ ಹತ್ತು ಅಂಕ, ಒಂದು ರಾತ್ರಿಯಾದರೂ ಅವರ ಹತ್ತಿರ ಇರಲಿ.

ನಲ್ಲಿ ರಿಪೇರಿಯ ಕಾಗದ ಇನ್ನೂ ಕಚೇರಿಯಲ್ಲೇ ಇದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಂಗಳದಿಂದ ಎರಡು ಬಕೆಟ್ ನೀರು ಮೂರನೇ ಮಹಡಿಗೆ ಹೊರಬೇಕು. ಆಮೆಗೆ ಹೇಳಿ ಕಳಿಸಿದ್ದೇನೆ. ಅವಳು ನಿಧಾನ, ಆದರೆ ನೀರು ಚೆಲ್ಲುವುದಿಲ್ಲ.